ಗಾಳಿ ನಿಂತ ಮೇಲೆ ಚಿತ್ರ ಕೆಡುವ ಟೆಲಿಸ್ಕೋಪ್: ಸ್ಪೈಡರ್ ತಣಿದಿದೆಯಾ ನೋಡಿ

ತೊಂದರೆ ಹೀಗಿರುತ್ತದೆ. ಸಂಜೆ ಏಳಕ್ಕೆ ಟೆಲಿಸ್ಕೋಪ್ ಅಂಗಳಕ್ಕೆ ತಂದಿಟ್ಟಿರಿ. ಎಂಟೂವರೆ ಹೊತ್ತಿಗೆ ಗುರುಗ್ರಹದ ಪಟ್ಟೆಗಳು ಸುಮಾರಾಗಿ ಕಂಡವು. ಒಂಬತ್ತಕ್ಕೆ ಇನ್ನೂ ಚೆನ್ನಾದವು. ಹತ್ತಕ್ಕೆ ಗಾಳಿ ಪೂರ್ತಿ ನಿಂತಿತು. ಅಡಿಕೆ ಸೋಗೆ ಅಲ್ಲಾಡುವುದಿಲ್ಲ, ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ. ಇನ್ನು ಬರುವುದೇ ಒಳ್ಳೆಯ ಹೊತ್ತು ಎಂದುಕೊಂಡು ಇನ್ನೂರು ಪಟ್ಟು ಹಿಗ್ಗಿಸುವ ಐಪೀಸ್, ಅಂದರೆ ಕಣ್ಣಿಡುವ ಮಸೂರ, ಹಾಕುತ್ತೀರಿ. ಪಟ್ಟೆಗಳು ಮಾಯ. ನಕ್ಷತ್ರ ಚುಕ್ಕಿಯಾಗಿ ಕೂರುವ ಬದಲು ಸುತ್ತಲೂ ತುಂಡು ತುಂಡಾದ ಉಂಗುರ ಕಟ್ಟಿಕೊಂಡಿದೆ.

ಇದಕ್ಕೆ ಸಿಗುವ ಸಿದ್ಧ ಉತ್ತರ ಎರಡು. ಒಂದು, ಇವತ್ತು ಆಕಾಶ ಸರಿ ಇಲ್ಲ. ಇನ್ನೊಂದು, ಕನ್ನಡಿ ಇನ್ನೂ ತಣಿದಿಲ್ಲ, ಸ್ವಲ್ಪ ಕಾಯಿರಿ. ಎರಡನೆಯದು ಈ ತೊಂದರೆಗೆ ಹೊಂದುವುದೇ ಇಲ್ಲ. ಬಿಸಿ ಇದ್ದದ್ದು ಹೊತ್ತು ಹೋದಂತೆ ಸರಿಯಾಗಬೇಕು. ಹೊತ್ತು ಹೋದಂತೆ ಚಿತ್ರ ಕೆಡುತ್ತಿದ್ದರೆ, ಟೆಲಿಸ್ಕೋಪಿನಲ್ಲಿ ಏನೋ ಒಂದು ಸುತ್ತಲಿನ ಗಾಳಿಗಿಂತಲೂ ತಂಪಾಗಿದೆ ಎಂದರ್ಥ. ಕಾದಷ್ಟೂ ಅದು ಜಾಸ್ತಿಯಾಗುತ್ತದೆ. ಮನೆಯಲ್ಲಿ ಮಾಡಿದ ಟೆಲಿಸ್ಕೋಪುಗಳಲ್ಲಿ ಹೀಗೆ ತಂಪಾಗುವ ಭಾಗ ಹೆಚ್ಚಾಗಿ ಸ್ಪೈಡರ್, ಅಂದರೆ ಚಿಕ್ಕ ಕನ್ನಡಿಯನ್ನು ಕೊಳವೆಯ ಬಾಯಲ್ಲಿ ಹಿಡಿದು ನಿಲ್ಲಿಸುವ ಮೂರೋ ನಾಲ್ಕೋ ಪಟ್ಟಿಗಳು.

ನಾನು ಇಲ್ಲಿ ಹೇಳುತ್ತಿರುವುದು ನಮ್ಮ ಕಾಸರಗೋಡು ಕಡೆ ಹವ್ಯಾಸಿಗಳು ಮಾಡಿಕೊಳ್ಳುವಂಥ ನ್ಯೂಟೋನಿಯನ್, ಅಂದರೆ ಕೊಳವೆಯ ತಳದ ದೊಡ್ಡ ಕನ್ನಡಿ ಹಿಡಿದ ಬೆಳಕನ್ನು ಬಾಯಿಯ ಚಿಕ್ಕ ಕನ್ನಡಿ ಪಕ್ಕಕ್ಕೆ ತಿರುಗಿಸುವ ಟೆಲಿಸ್ಕೋಪುಗಳ ಬಗ್ಗೆ. ಆರರಿಂದ ಹತ್ತು ಇಂಚಿನ ಮುಖ್ಯ ಕನ್ನಡಿ, ಪಿವಿಸಿ ಪೈಪು ಅಥವಾ ಪ್ಲೈವುಡ್ಡಿನ ಕೊಳವೆ, ಡಾಬ್ಸೋನಿಯನ್ ಎಂಬ ಸರಳ ಮರದ ಪೀಠ. ಸ್ಪೈಡರಿಗೆ ಸ್ಟೀಲ್ ಸ್ಕೇಲ್ ಕತ್ತರಿಸಿದ್ದು ಅಥವಾ ಹ್ಯಾಕ್ಸಾ ಬ್ಲೇಡು. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದ ಪಥ ನಮ್ಮ ಜಿಲ್ಲೆಯ ಮೇಲೇ ಹಾದುಹೋಯಿತಲ್ವಾ, ಆಗ ಆಕಾಶದ ಹುಚ್ಚು ಹತ್ತಿದವರಲ್ಲಿ ಕೆಲವರು ಈಗಲೂ ಇಂಥ ಟೆಲಿಸ್ಕೋಪ್ ಇಟ್ಟುಕೊಂಡಿದ್ದಾರೆ.

ಪಟ್ಟಿ ಗಾಳಿಗಿಂತ ತಂಪಾಗುವುದು ಯಾಕೆ

ತೆರೆದ ಆಕಾಶಕ್ಕೆ ಮುಖ ಮಾಡಿದ ಯಾವ ವಸ್ತುವಾದರೂ ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಸೂಸುತ್ತಲೇ ಇರುತ್ತದೆ. ಆಕಾಶದಿಂದ ವಾಪಸು ಬರುವ ಶಾಖ ಅದಕ್ಕಿಂತ ಕಡಿಮೆ. ಹಾಗಾಗಿ ವಸ್ತು ಗಾಳಿಗಿಂತ ಕೆಳಗಿನ ಉಷ್ಣತೆಗೆ ಇಳಿಯುತ್ತದೆ. ಬೆಳಗ್ಗೆ ಬೈಕಿನ ಸೀಟು ಒದ್ದೆಯಾಗಿ, ಮಾಡಿನ ಕೆಳಗಿಟ್ಟ ಸೈಕಲ್ ಒಣಗಿಯೇ ಇರುವುದು ಇದೇ ಕಾರಣಕ್ಕೆ. ಗಾಳಿ ಬೀಸುತ್ತಿದ್ದರೆ ಕಳೆದುಹೋದ ಶಾಖವನ್ನು ಅದು ಮತ್ತೆ ತುಂಬಿಕೊಡುತ್ತದೆ. ಗಾಳಿ ನಿಂತರೆ ತುಂಬಿಕೊಡುವವರಿಲ್ಲ.

ತಣಿದ ಪಟ್ಟಿಗೆ ತಾಗಿದ ಗಾಳಿಯೂ ತಣಿಯುತ್ತದೆ. ತಂಪಾದ ಗಾಳಿ ಭಾರ. ಅದು ಪಟ್ಟಿಯ ಗುಂಟ ಜಾರಿ ಕೊಳವೆಯೊಳಗೆ ಇಳಿಯುತ್ತದೆ. ಒಂದು ಡಿಗ್ರಿ ತಂಪಾದರೆ ಗಾಳಿಯ ವಕ್ರೀಭವನಾಂಕ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು ಬದಲಾಗುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. 25 ಮಿಲಿಮೀಟರ್ ಅಗಲದ ಪಟ್ಟಿ, 2 ಡಿಗ್ರಿ ತಂಪು. ಪಟ್ಟಿಯ ಪಕ್ಕದಲ್ಲೇ ಹಾದುಬರುವ ಬೆಳಕು 50 ನ್ಯಾನೋಮೀಟರ್ ಹಿಂದೆ ಬೀಳುತ್ತದೆ. ಇದಿಷ್ಟೇ ಆದರೆ ಪರವಾಗಿಲ್ಲ. ತಂಪು ಗಾಳಿ ಪರದೆ ಇಳಿಬಿಟ್ಟ ಹಾಗೆ ಹತ್ತು ಸೆಂಟಿಮೀಟರ್ ಕೆಳಗಿಳಿಯಿತು ಅನ್ನಿ, ಆಗ 200 ನ್ಯಾನೋಮೀಟರ್. ಹಸಿರು ಬೆಳಕಿನ ತರಂಗದ ಉದ್ದ 550. ಅದರ ಕಾಲು ಭಾಗಕ್ಕಿಂತ ತಪ್ಪು ಹೆಚ್ಚಾದರೆ ಗ್ರಹಗಳ ಸೂಕ್ಷ್ಮ ವಿವರ ಹೋಯಿತು ಎಂಬುದು ಹಳೆಯ ಲೆಕ್ಕ. ಕಾಲು ಭಾಗ ಎಂದರೆ 140ರ ಒಳಗೆ. ತಿಂಗಳುಗಟ್ಟಲೆ ತಿಕ್ಕಿ ಅಷ್ಟು ನಯ ತಂದ ಕನ್ನಡಿ, ಒಂದು ಸ್ಟೀಲ್ ಸ್ಕೇಲಿನ ತಂಪಿಗೆ ಸೋತುಹೋಗುತ್ತದೆ.

ಇದು ನಮ್ಮಂಥವರ ಪಾಡು ಮಾತ್ರ ಅಲ್ಲ. ಚಿಲಿ ದೇಶದ ಪರನಾಲ್ ಬೆಟ್ಟದ ಮೇಲೆ 8.2 ಮೀಟರಿನ ನಾಲ್ಕು ದೈತ್ಯ ಟೆಲಿಸ್ಕೋಪುಗಳಿವೆ. ಅವುಗಳಲ್ಲಿ ಮೂರನೆಯದರಲ್ಲಿ, ಬೇರೆ ನಕ್ಷತ್ರಗಳ ಗ್ರಹಗಳನ್ನು ಹಿಡಿಯಲು ಸ್ಫಿಯರ್ ಎಂಬ ಉಪಕರಣ ಕೂರಿಸಿದರು. ಗಾಳಿ ಸೆಕೆಂಡಿಗೆ 3 ಮೀಟರಿಗಿಂತ ಕಡಿಮೆಯಾದ ರಾತ್ರಿಗಳಲ್ಲಿ, ಅಂದರೆ ಆಕಾಶ ಅತ್ಯಂತ ಸ್ಥಿರವಾಗಿರುವಾಗಲೇ, ಚಿತ್ರ ಕೆಡುತ್ತಿತ್ತು. ನಕ್ಷತ್ರದ ಪಕ್ಕ ಕಿವಿಗಳು ಮೂಡುತ್ತಿದ್ದವು. ಅಲ್ಲಿನವರು ಅದನ್ನು ಮಿಕ್ಕಿ ಮೌಸ್ ಅಂದರು. ಕಾರಣ ಹುಡುಕಿದಾಗ ಸ್ಪೈಡರ್ ಗಾಳಿಗಿಂತ 2-3 ಡಿಗ್ರಿ ತಂಪಾಗುತ್ತಿತ್ತು. 2017ರಲ್ಲಿ ಶಾಖ ಕಡಿಮೆ ಸೂಸುವಂಥ ಲೇಪವನ್ನು ಸ್ಪೈಡರಿಗೆ ಹಾಕಿದರು. ತೊಂದರೆ ಪೂರ್ತಿ ಹೋಗದಿದ್ದರೂ ತುಂಬ ಕಡಿಮೆಯಾಯಿತು.

ನಮ್ಮಲ್ಲಿ ಮರುಭೂಮಿಯ ಒಣ ಆಕಾಶ ಇಲ್ಲ. ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ. ಹಾಗಾಗಿ ಆಕಾಶ ಅಷ್ಟೊಂದು ಶಾಖ ಎಳೆದುಕೊಳ್ಳುವುದಿಲ್ಲ. ಮೇಲಾಗಿ ಪಟ್ಟಿ ಒಂದೂವರೆ ಎರಡು ಡಿಗ್ರಿ ಇಳಿಯುವಷ್ಟರಲ್ಲಿ ಅದರ ಮೇಲೆ ಇಬ್ಬನಿ ಕೂರುತ್ತದೆ. ಇಬ್ಬನಿ ಕೂರುವಾಗ ಒಂದಿಷ್ಟು ಶಾಖ ಹೊರಬರುತ್ತದೆ, ಆದ್ದರಿಂದ ಇಳಿತ ಅಲ್ಲಿಗೇ ನಿಧಾನವಾಗುತ್ತದೆ. ಇಷ್ಟು ನಮ್ಮ ಅದೃಷ್ಟ. ದುರದೃಷ್ಟ ಏನೆಂದರೆ ನಮ್ಮ ಗಾಳಿಯ ದಿನಚರಿ. ಹಗಲಿನ ಕಡಲ ಗಾಳಿ ಸಂಜೆ ಕಳೆದ ಮೇಲೆ ಸತ್ತುಹೋಗುತ್ತದೆ. ಘಟ್ಟದ ಕಡೆಯ ಮೂಡು ಗಾಳಿ ಏಳುವುದು ತಡವಾಗಿ. ನಡುವೆ ಒಂದು ಹೊತ್ತು ಎಲೆ ಅಲ್ಲಾಡುವುದಿಲ್ಲ. ನಾವೆಲ್ಲ ಊಟ ಮುಗಿಸಿ ಟೆಲಿಸ್ಕೋಪಿಗೆ ಕಣ್ಣಿಡುವುದು ಸರಿಯಾಗಿ ಅದೇ ಹೊತ್ತಿಗೆ.

ಜಾಗದ ಪಾತ್ರವೂ ಇದೆ. ಪೆರ್ಲ, ಮುಳ್ಳೇರಿಯ, ಅಡೂರಿನ ಕಡೆ ಮನೆಗಳು ತೋಟದ ತಗ್ಗಿನಲ್ಲಿರುತ್ತವೆ. ಸುತ್ತ ಗುಡ್ಡ, ನಡುವೆ ಅಡಿಕೆ. ರಾತ್ರಿ ತಂಪು ಗಾಳಿ ಅಲ್ಲೇ ಬಂದು ತಂಗುತ್ತದೆ. ಅದೇ ಟೆಲಿಸ್ಕೋಪನ್ನು ಪದವಿಗೆ, ಅಂದರೆ ಗುಡ್ಡದ ಮೇಲಿನ ಬಯಲಿಗೆ, ಕೊಂಡುಹೋದರೆ ಸಣ್ಣಗೆ ಗಾಳಿ ಆಡುತ್ತಿರುತ್ತದೆ, ಸ್ಪೈಡರಿನ ತೊಂದರೆ ಕಾಣುವುದೇ ಇಲ್ಲ. ಪೊಸಡಿ ಗುಂಪೆಯಂಥ ಗುಡ್ಡದ ತುದಿಯಲ್ಲಿ ಒಂದು ಹದ, ಮನೆಯ ಅಂಗಳದಲ್ಲಿ ಇನ್ನೊಂದು ಹದ ಆಗುವುದು ಬರೀ ಬೆಳಕಿನ ಮಾಲಿನ್ಯದಿಂದಲ್ಲ.

ಮೊದಲು ಬೇರೆ ಅಪರಾಧಿಗಳನ್ನು ಬಿಟ್ಟುಹಾಕಿ

ಸ್ಪೈಡರನ್ನು ಹಿಡಿಯುವ ಮೊದಲು ಅದಕ್ಕಿಂತ ದೊಡ್ಡ ಕಳ್ಳರನ್ನು ನೋಡಬೇಕು. ಕಾಲಿಮೇಷನ್, ಅಂದರೆ ಕನ್ನಡಿಗಳ ಹೊಂದಾಣಿಕೆ, ಸರಿ ಇದೆಯಾ ನೋಡಿ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕನ್ನಡಿಗಳು ನೇರ ಇಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಆಮೇಲೆ ಅಂಗಳ. ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ ಇಡೀ ದಿನ ಬಿಸಿಲು ಕುಡಿದಿರುತ್ತದೆ. ರಾತ್ರಿ ಹನ್ನೊಂದಕ್ಕೂ ಬರಿಗಾಲಿಗೆ ಬೆಚ್ಚಗಿರುತ್ತದೆ. ಅದರ ಮೇಲೆ ಟೆಲಿಸ್ಕೋಪ್ ಇಟ್ಟು ಸ್ಪೈಡರಿಗೆ ಬೈದರೆ ಆಗುತ್ತದಾ? ಹುಲ್ಲಿನ ಮೇಲೋ ಕೊಯ್ಲಾದ ಗದ್ದೆಯಲ್ಲೋ ಇಟ್ಟು ನೋಡಿ. ಹಂಚಿನ ಮಾಡಿನ ಮೇಲಿಂದ ಹಾಯ್ದು ನೋಡುವುದನ್ನೂ ತಪ್ಪಿಸಿ.

ಮುಖ್ಯ ಕನ್ನಡಿ. ಒಂದು ಇಂಚು ದಪ್ಪದ ಎಂಟಿಂಚಿನ ಗಾಜು ಮನೆಯೊಳಗಿನ ಶಾಖವನ್ನು ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿದುಕೊಂಡಿರುತ್ತದೆ. ಇದು ಕೊಡುವ ತೊಂದರೆ ಸಂಜೆ ಜಾಸ್ತಿ, ರಾತ್ರಿಯಾದಂತೆ ಕಡಿಮೆ. ನಿಮ್ಮ ತೊಂದರೆ ಇದರ ಉಲ್ಟಾ ಇದ್ದರೆ ಮಾತ್ರ ಮುಂದೆ ಓದಿ.

ಇನ್ನು ನಕ್ಷತ್ರವನ್ನು ಫೋಕಸ್ ತಪ್ಪಿಸಿ ನೋಡುವ ಪರೀಕ್ಷೆ. ಇದಕ್ಕೆ ಧ್ರುವ ನಕ್ಷತ್ರ ಬಳಸಿ, ಅದು ಚಲಿಸುವುದಿಲ್ಲ ಎಂದು ಹೊರಗಿನವರು ಬರೆದಿರುತ್ತಾರೆ. ನಮ್ಮಲ್ಲಿ ಧ್ರುವ ಇರುವುದು ದಿಗಂತದಿಂದ ಹನ್ನೆರಡೂವರೆ ಡಿಗ್ರಿ ಮೇಲೆ. ತೆಂಗಿನ ಮರಗಳ ಹಿಂದೆ ಅದು ಕಂಡರೇ ಪುಣ್ಯ. ಕಂಡರೂ ಅಷ್ಟು ತಗ್ಗಿನಲ್ಲಿ ವಾತಾವರಣದ ಕಂಪನವೇ ಎಲ್ಲವನ್ನೂ ಮುಚ್ಚುತ್ತದೆ. ಎತ್ತರದಲ್ಲಿರುವ ನಕ್ಷತ್ರ ಹಿಡಿಯಿರಿ. ಜನವರಿಯಲ್ಲಿ ಲುಬ್ಧಕ ದಕ್ಷಿಣದಲ್ಲಿ 60 ಡಿಗ್ರಿ ಏರುತ್ತದೆ, ಬ್ರಹ್ಮಹೃದಯ ಉತ್ತರದಲ್ಲಿ 56. ಲುಬ್ಧಕದ ಬೆಳಕು ಕಣ್ಣಿಗೆ ಹೊಡೆಯುತ್ತದೆ ಅನ್ನುವವರಿಗೆ ಬ್ರಹ್ಮಹೃದಯ ಒಳ್ಳೆಯದು.

ಫೋಕಸರನ್ನು ಸ್ವಲ್ಪ ತಿರುಗಿಸಿ, ನಕ್ಷತ್ರ ಉಬ್ಬಿ ತಟ್ಟೆಯಾಗುತ್ತದೆ. ನಡುವೆ ಚಿಕ್ಕ ಕನ್ನಡಿಯ ಕಪ್ಪು ನೆರಳು, ಅದರಿಂದ ಹೊರಟ ಪಟ್ಟಿಗಳ ತೆಳು ನೆರಳು. ಈಗ ನಿಮ್ಮ ಅಂಗೈಯನ್ನು ಕೊಳವೆಯ ಬಾಯಿಯ ಕೆಳ ಅಂಚಿನಲ್ಲಿ, ಬೆಳಕಿನ ದಾರಿಗೆ ಒಂದಿಷ್ಟು ಬರುವಂತೆ ಹಿಡಿಯಿರಿ. ತಟ್ಟೆಯ ಒಂದು ಬದಿಯಲ್ಲಿ ಕೈಯ ನೆರಳು ಕಾಣುತ್ತದೆ. ಬೆರಳ ತುದಿಯಿಂದ ಹೊಗೆಯ ಹಾಗೆ ಏನೋ ಸುರುಳಿಯಾಗಿ ಏಳುತ್ತದೆ. ಅದು ನಿಮ್ಮ ಕೈಯ ಬಿಸಿ. ಮೊದಲ ಸಲ ನೋಡಿದವರು ಬೆಚ್ಚಿಬೀಳುತ್ತಾರೆ, ಅಷ್ಟು ಸ್ಪಷ್ಟ. ಅದು ಏಳುವ ದಿಕ್ಕು ಐಪೀಸಿನಲ್ಲಿ ಮೇಲು, ಉಲ್ಟಾ ದಿಕ್ಕು ಕೆಳಗು. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಬಿಸಿ ಮೇಲೆ ಹೋಗುತ್ತದೆ, ತಂಪು ಕೆಳಗೆ ಇಳಿಯುತ್ತದೆ. ಮುಂದಿನ ಗುರುತು ಎಲ್ಲ ಇದರ ಮೇಲೆಯೇ.

ಕೈ ತೆಗೆಯಿರಿ. ಅರ್ಧ ನಿಮಿಷ ಬಿಟ್ಟು ತಟ್ಟೆಯನ್ನು ನೋಡಿ. ಇಡೀ ತಟ್ಟೆಯ ಮೇಲೆ ತೆರೆಗಳು ಒಂದೇ ದಿಕ್ಕಿಗೆ ಸರಸರ ಓಡುತ್ತಿದ್ದರೆ ಅದು ಮೇಲಿನ ವಾತಾವರಣ. ನಿಮ್ಮ ಕೈಯಲ್ಲಿ ಏನೂ ಇಲ್ಲ, ಮಲಗಲು ಹೋಗಿ. ನಿಧಾನವಾಗಿ ಮೇಲಕ್ಕೆ ಕುದಿಯುವಂತಿದ್ದರೆ ಬಿಸಿ ಕನ್ನಡಿ. ಒಂದು ಬದಿಯಿಂದ ಮಾತ್ರ ಹೊಗೆಯಂತೆ ಬರುತ್ತಿದ್ದರೆ ನೀವೇ, ಅಂದರೆ ನಿಮ್ಮ ಮುಖ, ಉಸಿರು, ಮೈ. ಕೊಳವೆಯ ಬಾಯಿಂದ ದೂರ ಸರಿಯಿರಿ.

ಸ್ಪೈಡರ್ ತಣಿದಿದ್ದರೆ ಗಲಾಟೆ ಇರುವುದಿಲ್ಲ. ತಟ್ಟೆ ಹೆಚ್ಚು ಕಡಿಮೆ ಶಾಂತ. ಆದರೆ ಪಟ್ಟಿಗಳ ನೆರಳು ಮಾತ್ರ ತೆಳುಗೆರೆಯಾಗಿರದೆ ದಪ್ಪಗೆ, ಅಂಚು ಕಲೆಸಿದಂತೆ ಕಾಣುತ್ತದೆ. ಅಡ್ಡಕ್ಕಿರುವ ಪಟ್ಟಿಗಳ ಕೆಳಬದಿಯಲ್ಲಿ ಮಬ್ಬು ಜಾಸ್ತಿ, ಮೇಲ್ಬದಿ ಚೊಕ್ಕ. ಫೋಕಸಿಗೆ ತಂದರೆ ನಕ್ಷತ್ರದ ಸುತ್ತಲಿನ ಮೊದಲ ಉಂಗುರ ನಾಲ್ಕು ತುಂಡಾಗಿರುತ್ತದೆ, ಪಟ್ಟಿ ಮೂರಿದ್ದರೆ ಅದಕ್ಕೆ ತಕ್ಕ ಹಾಗೆ. ತುಂಡುಗಳು ಕುಣಿಯುವುದಿಲ್ಲ, ಅಲ್ಲಲ್ಲೇ ಕೂತಿರುತ್ತವೆ. ಇದೇ ಮುಖ್ಯ ಗುರುತು.

ಖಾತ್ರಿ ಮಾಡಿಕೊಳ್ಳುವ ಪರೀಕ್ಷೆ

ಗುರುತು ಸಿಕ್ಕಿತು ಅಂತ ಟೇಪು ತರಲು ಓಡಬೇಡಿ. ಒಂದು ರಟ್ಟು ಸಾಕು, ಖಾತ್ರಿಯಾಗುತ್ತದೆ.

ಚಿತ್ರ ಕೆಟ್ಟಿರುವಾಗಲೇ ಕೊಳವೆಯ ಬಾಯಿಗಿಂತ ದೊಡ್ಡದಾದ ಒಣ ರಟ್ಟನ್ನು ಅದರ ಮುಂದೆ ಒಂದು ಗೇಣು ದೂರದಲ್ಲಿ ನಿಲ್ಲಿಸಿ. ಬಾಯಿ ಪೂರ್ತಿ ಮುಚ್ಚಬೇಡಿ, ಗಾಳಿ ಆಡಲಿ. ಹೊರಗೇ ಇದ್ದ ರಟ್ಟಾಗಿರಲಿ, ಮನೆಯೊಳಗಿಂದ ತಂದ ಬೆಚ್ಚಗಿನದು ಬೇಡ. ಈಗ ಪಟ್ಟಿಗಳಿಗೆ ಆಕಾಶ ಕಾಣುವುದಿಲ್ಲ, ರಟ್ಟು ಮಾತ್ರ ಕಾಣುತ್ತದೆ. ಮಿಲಿಮೀಟರಿಗಿಂತ ತೆಳುವಾದ ಸ್ಟೀಲ್ ಸ್ಕೇಲಿನಲ್ಲಿ ಶಾಖ ಹಿಡಿದಿಡುವ ಸಾಮರ್ಥ್ಯ ಕಡಿಮೆ. ಎರಡು ಮೂರು ನಿಮಿಷದಲ್ಲಿ ಅದು ಗಾಳಿಯ ಉಷ್ಣತೆಯ ಹತ್ತಿರ ಬರುತ್ತದೆ. ಮೂರು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿಯಾದರೆ ಅದರ ಎರಡರಷ್ಟು ಹೊತ್ತು ಬೇಕು. ಹತ್ತು ನಿಮಿಷ ಬಿಟ್ಟು ರಟ್ಟು ತೆಗೆದು ಕೂಡಲೇ ಐಪೀಸಿಗೆ ಕಣ್ಣಿಡಿ.

ಉಂಗುರ ಈಗ ಇಡಿಯಾಗಿದ್ದು, ಐದಾರು ನಿಮಿಷದಲ್ಲಿ ಮತ್ತೆ ತುಂಡಾದರೆ ಕಳ್ಳ ಸಿಕ್ಕಿಬಿದ್ದ. ಹತ್ತು ನಿಮಿಷದಲ್ಲಿ ಇಷ್ಟು ಬದಲಾಗಿ ಮತ್ತೆ ಇಷ್ಟು ಬೇಗ ಹಿಂದಿರುಗಬಲ್ಲದ್ದು ತೆಳು ಲೋಹ ಮಾತ್ರ. ಮುಖ್ಯ ಕನ್ನಡಿಗೆ ಅಷ್ಟು ಚುರುಕಿಲ್ಲ. ರಟ್ಟಿನಿಂದ ಏನೂ ವ್ಯತ್ಯಾಸ ಆಗದಿದ್ದರೆ ಸ್ಪೈಡರನ್ನು ಸುಮ್ನೆ ಬಿಡಿ, ತೊಂದರೆ ಬೇರೆಲ್ಲೋ ಇದೆ.

ಇನ್ನೊಂದು ಪರೀಕ್ಷೆ ಹಾಳೆಯ ಬೀಸಣಿಗೆಯದ್ದು. ಅಡಿಕೆ ಹಾಳೆಯ ಬೀಸಣಿಗೆ ಮನೆಯಲ್ಲಿ ಇದ್ದೇ ಇರುತ್ತದೆ. ಒಬ್ಬರು ಐಪೀಸಿನಲ್ಲಿ ನೋಡುತ್ತಿರಲಿ, ಇನ್ನೊಬ್ಬರು ಕೊಳವೆಯ ಬಾಯಿಯ ಪಕ್ಕದಿಂದ ಕೈ ಚಾಚಿ ಮೆಲ್ಲಗೆ ಬೀಸಲಿ. ಬೀಸುವಾಗ ಚಿತ್ರ ಕಲಕುತ್ತದೆ, ಅದು ಸಹಜ. ನಿಲ್ಲಿಸಿದ ಮೇಲಿನ ಅರ್ಧ ನಿಮಿಷ ಮುಖ್ಯ. ಆಗ ಚಿತ್ರ ತಿಳಿಯಾಗಿ ಮತ್ತೆ ಮಬ್ಬಾದರೆ ತಂಪು ಗಾಳಿಯ ಪರದೆ ಹರಿದು ಮತ್ತೆ ಕಟ್ಟಿಕೊಂಡಿತು ಎಂದರ್ಥ. ರಟ್ಟಿನಷ್ಟು ನಿಖರ ಅಲ್ಲ ಇದು. ಯಾವ ಕಾರಣದ ತಂಪಿಗೂ ಹೀಗೇ ಆಗಬಹುದು. ಆದರೂ ಕ್ಷಣದಲ್ಲಿ ಮುಗಿಯುತ್ತದೆ.

ಕೊಳವೆಯನ್ನು ಅದು ಕೂತ ತೊಟ್ಟಿಲಿನಲ್ಲೇ ಉರುಳಿಸಿ ತಿರುಗಿಸುವ ಅನುಕೂಲ ಇದ್ದವರು 45 ಡಿಗ್ರಿ ತಿರುಗಿಸಿ ನೋಡಿ. ಉಂಗುರದ ತುಂಡುಗಳೂ ಪಟ್ಟಿಗಳ ಜೊತೆ ತಿರುಗಿದರೆ ಸ್ಪೈಡರ್ ತಪ್ಪಿತಸ್ಥ.

ಅಳತೆ ಮಾಡಿಯೇ ನಂಬುವವರಿಗೆ ಒಂದು ಎಚ್ಚರಿಕೆ. ಹಣೆಗೆ ಹಿಡಿಯುವಂಥ, ದೂರದಿಂದ ಉಷ್ಣತೆ ತೋರಿಸುವ ಗನ್ ಥರ್ಮಾಮೀಟರನ್ನು ಹೊಳೆಯುವ ಲೋಹಕ್ಕೆ ಹಿಡಿದರೆ ಅದು ಲೋಹದ ಉಷ್ಣತೆ ಹೇಳುವುದಿಲ್ಲ. ಲೋಹದಲ್ಲಿ ಪ್ರತಿಫಲಿಸಿದ ಆಕಾಶದ್ದೋ ನಿಮ್ಮ ಮುಖದ್ದೋ ಶಾಖವನ್ನು ಹೇಳುತ್ತದೆ. ಕಪ್ಪು ಬಣ್ಣ ಬಳಿದ ಪಟ್ಟಿಗೆ ಪರವಾಗಿಲ್ಲ. ಹೊಳೆಯುವುದಕ್ಕೆ ಎಲೆಕ್ಟ್ರಿಷಿಯನ್ನರ ಕಪ್ಪು ಟೇಪಿನ ಚೂರು ಅಂಟಿಸಿ ಅದಕ್ಕೆ ಗುರಿ ಹಿಡಿಯಬೇಕು. ಡಿಎಸ್18ಬಿ20 ಎಂಬ ಉಷ್ಣತೆ ಅಳೆಯುವ ಸೆನ್ಸರ್ ಬಳಸುವವರು ಎರಡು ಸೆನ್ಸರುಗಳನ್ನು ಮೊದಲು ಒಟ್ಟಿಗೆ ಕಟ್ಟಿ ಹೋಲಿಸಿಕೊಳ್ಳಿ. ಅವುಗಳ ನಿಖರತೆ ಅರ್ಧ ಡಿಗ್ರಿ ಆಚೀಚೆ. ನಾವು ಹುಡುಕುತ್ತಿರುವುದೇ ಒಂದು ಒಂದೂವರೆ ಡಿಗ್ರಿಯ ವ್ಯತ್ಯಾಸ.

ನಮ್ಮ ಊರಿನಲ್ಲಿ ಇದಕ್ಕಿಂತ ಸುಲಭದ ಥರ್ಮಾಮೀಟರ್ ಇದೆ, ಟಾರ್ಚು. ಗಾಳಿಯ ತೇವಾಂಶ ನೂರಕ್ಕೆ ತೊಂಬತ್ತಿದ್ದರೆ, ಗಾಳಿಗಿಂತ ಒಂದೂವರೆ ಡಿಗ್ರಿ ಚಿಲ್ಲರೆ ಕೆಳಗಿಳಿದ ವಸ್ತುವಿನ ಮೇಲೆ ಇಬ್ಬನಿ ಕೂರುತ್ತದೆ. ಬದಿಯಡ್ಕ ಕಡೆಯ ಸ್ನೇಹಿತರೊಬ್ಬರ ಎಂಟಿಂಚಿನ ಟೆಲಿಸ್ಕೋಪ್ ಹೀಗೇ ಹತ್ತು ಗಂಟೆಯ ಮೇಲೆ ಕೈಕೊಡುತ್ತಿತ್ತು. "ಎಂತ ಮಾರಾಯ್ರೇ, ಶನಿಯ ಉಂಗುರದ ಗೆರೆ ಒಂಬತ್ತು ಗಂಟೆಗೆ ಕಾಣ್ತದೆ, ಹತ್ತೂವರೆಗೆ ಕಾಣುದಿಲ್ಲ. ಕನ್ನಡಿಗೆ ಪುನಃ ಲೇಪ ಹಾಕಿಸುದಾ ಅಂತ" ಎಂದು ಕೇಳುತ್ತಿದ್ದರು. ಲೇಪ ಹಾಳಾದರೆ ಒಂಬತ್ತು ಗಂಟೆಗೂ ಹಾಳೇ ಅಲ್ವಾ. ಕೆಂಪು ಟಾರ್ಚನ್ನು ಕೊಳವೆಯ ಬಾಯಿಗೆ ಓರೆಯಾಗಿ ಹಿಡಿದು ನೋಡಿದೆವು. ಪಿವಿಸಿಯ ಒಳಗೋಡೆ ಒಣಗಿತ್ತು. ಬ್ಲ್ಯಾಕ್‌ಬೋರ್ಡ್ ಪೇಂಟ್ ಬಳಿದ ನಾಲ್ಕು ಪಟ್ಟಿಗಳ ಮೇಲೆ ಮಾತ್ರ ಸಾಸಿವೆಗಿಂತ ಸಣ್ಣ ಹನಿಗಳು ಒತ್ತೊತ್ತಾಗಿ ಕೂತಿದ್ದವು. ಆಕಾಶದ ಕಡೆಯ ಅಂಚಿನಲ್ಲಿ ಜಾಸ್ತಿ, ಒಳಗೆ ಹೋದಂತೆ ವಿರಳ. ಚಿಕ್ಕ ಕನ್ನಡಿಯ ಬೆನ್ನಿನ ಹೋಲ್ಡರ್ ಪೂರ್ತಿ ಒದ್ದೆ. ರಟ್ಟಿನ ಪರೀಕ್ಷೆಯೂ ಅದನ್ನೇ ಹೇಳಿತು.

ಪರಿಹಾರ: ಬಣ್ಣ ಅಲ್ಲ, ಬರಿಯ ಲೋಹ

ಟೆಲಿಸ್ಕೋಪಿನ ಒಳಗೆ ಎಲ್ಲವೂ ಕಪ್ಪಿರಬೇಕು ಎಂಬುದು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಬೆಳಕಿನ ಮಟ್ಟಿಗೆ ಅದು ಸರಿ. ಶಾಖದ ಮಟ್ಟಿಗೆ ಪೇಂಟ್ ಬಳಿದದ್ದೇ ತೊಂದರೆಯ ಮೂಲ. ಪೇಂಟ್ ಬಳಿದ ಮೈ ಸೂಸಬಹುದಾದ ಶಾಖದಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಸೂಸಿಬಿಡುತ್ತದೆ. ಕಪ್ಪಾದರೂ ಅಷ್ಟೇ, ಬಿಳಿಯಾದರೂ ಅಷ್ಟೇ. ರಾತ್ರಿಯ ಶಾಖಕ್ಕೆ ಬಿಳಿ ಪೇಂಟೂ ಕಪ್ಪೇ. ಹೊಳೆಯುವ ಬರಿಯ ಅಲ್ಯೂಮಿನಿಯಂ ಹಾಳೆ ಸೂಸುವುದು ನೂರಕ್ಕೆ ಐದರ ಆಸುಪಾಸು. ಬೆಳ್ಳಿ ಬಣ್ಣದ ಪೇಂಟ್ ಎರಡರ ನಡುವೆ ಬರುತ್ತದೆ, ಅದರ ಸಹವಾಸ ಬೇಡ.

ಬೇಕಾದದ್ದು ಏಸಿ ಕೆಲಸದವರು ಪೈಪಿಗೆ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಟೇಪ್. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳುವಾಗ ಜಾಗ್ರತೆ. ಬೆಳ್ಳಿಯಂತೆ ಕಾಣುವ ಬಟ್ಟೆಯ ಡಕ್ಟ್ ಟೇಪ್ ಕೊಡುತ್ತಾರೆ. ಅದರ ಮೇಲ್ಮೈ ಪ್ಲಾಸ್ಟಿಕ್. ಕಣ್ಣಿಗೆ ಹೊಳೆದರೂ ಶಾಖ ಸೂಸುವುದರಲ್ಲಿ ಪೇಂಟಿನ ಅಣ್ಣ. ಉಗುರಿನಿಂದ ಒತ್ತಿ ಮಡಚಿ ನೋಡಿ, ಮಡಿಕೆ ಹಾಗೇ ನಿಂತರೆ ಲೋಹ, ವಾಪಸು ಬಿಚ್ಚಿಕೊಂಡರೆ ಪ್ಲಾಸ್ಟಿಕ್.

ಅಂಟಿಸುವುದು ಎಲ್ಲಿ? ಆಕಾಶಕ್ಕೆ ಮುಖ ಮಾಡಿದ್ದು ಪಟ್ಟಿಯ ಅಂಚು, ಅದಕ್ಕೆ ಮಾತ್ರ ಸಾಕು ಅನ್ನಿಸುತ್ತದೆ. ಸಾಲದು. ಅಂಚಿನ ದಪ್ಪ ಒಂದು ಮಿಲಿಮೀಟರ್. ಪಟ್ಟಿಯ ಎರಡೂ ಅಗಲ ಬದಿಗಳು ಕೊಳವೆಯ ಬಾಯಿಂದ ಓರೆಯಾಗಿ ಆಕಾಶವನ್ನು ನೋಡುತ್ತಿರುತ್ತವೆ, ಶಾಖ ಹೋಗುವುದು ಅಲ್ಲಿಂದ. ಎರಡೂ ಬದಿಗೆ ಅಂಟಿಸಿ. ಚಿಕ್ಕ ಕನ್ನಡಿಯ ಹೋಲ್ಡರಿನ ಬೆನ್ನು ಮತ್ತು ಸುತ್ತಳತೆಗೂ ಅಂಟಿಸಿ. ಮೊದಲು ಪಟ್ಟಿಯನ್ನು ಒರಸಿ ಒಣಗಿಸಿಕೊಳ್ಳಿ. ಚಮಚದ ಬೆನ್ನಿನಿಂದ ಉಜ್ಜಿದರೆ ಗುಳ್ಳೆ ಉಳಿಯುವುದಿಲ್ಲ. ಮುಖ್ಯ ಕನ್ನಡಿಯನ್ನು ಮುಚ್ಚಿಟ್ಟು ಈ ಕೆಲಸ ಮಾಡಿ, ಅಥವಾ ಸ್ಪೈಡರನ್ನೇ ಬಿಚ್ಚಿ ಮೇಜಿನ ಮೇಲೆ.

ಹೊಳಪಿನಿಂದ ಚಂದ್ರನ ಬೆಳಕು ಚದುರುವುದಿಲ್ಲವಾ ಎಂಬ ಪ್ರಶ್ನೆ ನ್ಯಾಯವೇ. ಸ್ವಲ್ಪ ಚದುರುತ್ತದೆ. ಐಪೀಸ್ ತೆಗೆದು ಫೋಕಸರಿನ ತೂತಿನಿಂದ ಇಣುಕಿ ನೋಡಿ. ಪಟ್ಟಿಯ ಯಾವ ಭಾಗ ನೇರವಾಗಿ ಕಣ್ಣಿಗೆ ಬೀಳುತ್ತದೋ ಅಷ್ಟು ಕಪ್ಪಾಗಿಯೇ ಇರಲಿ, ಉಳಿದದ್ದಕ್ಕೆ ಫಾಯಿಲ್. ಗ್ರಹಗಳನ್ನೇ ನೋಡುವವರಿಗೆ ಇದರಿಂದ ಲುಕ್ಸಾನಿಲ್ಲ. ಮಂಕಾದ ನೀಹಾರಿಕೆಗಳ ಹಿಂದೆ ಬಿದ್ದವರು ಬಳಸುವುದು ಐವತ್ತು ಅರವತ್ತು ಪಟ್ಟು ಹಿಗ್ಗಿಸುವ ಐಪೀಸ್. ಅಷ್ಟರಲ್ಲಿ ಸ್ಪೈಡರಿನ ತಂಪು ಗೊತ್ತೇ ಆಗುವುದಿಲ್ಲ. ಅವರು ಕಪ್ಪನ್ನೇ ಉಳಿಸಿಕೊಳ್ಳಲಿ.

ಬದಿಯಡ್ಕದ ಟೆಲಿಸ್ಕೋಪಿಗೆ ಟೇಪ್ ಅಂಟಿಸಿದ ಮೇಲೆ ಉಂಗುರದ ತುಂಡುಗಳು ಹೋದವು. ಆದರೆ ಹನ್ನೆರಡು ದಾಟಿದ ಮೇಲೆ ಮತ್ತೆ ಮಬ್ಬು. ಟಾರ್ಚ್ ಹಿಡಿದರೆ ಫಾಯಿಲ್ ಮೇಲೂ ಇಬ್ಬನಿ. ನಮ್ಮ ಕರಾವಳಿಯಲ್ಲಿ ಈ ಪರಿಹಾರದ ಮಿತಿ ಇದೇ. ನೀರು ಶಾಖ ಸೂಸುವುದರಲ್ಲಿ ಪೇಂಟಿನಷ್ಟೇ ಜೋರು. ಫಾಯಿಲ್ ಒದ್ದೆಯಾದ ಕ್ಷಣ ಅದು ಫಾಯಿಲ್ ಅಲ್ಲ, ನೀರಿನ ಪದರ. ಒಣ ಬಟ್ಟೆಯಿಂದ ಒರಸಿದರೆ ಮತ್ತೆ ಸ್ವಲ್ಪ ಹೊತ್ತು ನಡೆಯುತ್ತದೆ.

ಅದಕ್ಕೇ ಇಲ್ಲಿನವರಿಗೆ ಫಾಯಿಲಿಗಿಂತ ಮೊದಲು ನಾನು ಹೇಳುವುದು ಮುಂಗೊಳವೆ. ಸ್ಪೈಡರಿನಿಂದ ಮುಂದಕ್ಕೆ ಕೊಳವೆಯನ್ನು ಅದರ ವ್ಯಾಸದ ಒಂದರಿಂದ ಒಂದೂವರೆ ಪಟ್ಟು ಉದ್ದ ಮಾಡಿ. ಕಪ್ಪು ಯೋಗ ಮ್ಯಾಟ್ ಕತ್ತರಿಸಿ ಸುತ್ತಿ ವೆಲ್ಕ್ರೋ ಹಾಕಿದರೆ ಮುಗಿಯಿತು. ಪಟ್ಟಿಗಳಿಗೆ ಆಗ ಕಾಣುವ ಆಕಾಶ ಒಂದು ಚಿಕ್ಕ ವೃತ್ತ ಮಾತ್ರ, ಉಳಿದೆಡೆ ಮ್ಯಾಟಿನ ಗೋಡೆ. ಇಬ್ಬನಿಯೂ ತಡವಾಗುತ್ತದೆ, ಪಕ್ಕದ ಮನೆಯ ಬಲ್ಬಿನ ಬೆಳಕೂ ತಪ್ಪುತ್ತದೆ. ಮುಂಭಾರ ಹೆಚ್ಚಾಗಿ ಡಾಬ್ಸೋನಿಯನ್ ಮೂಗು ಕೆಳಗೆ ಮಾಡುತ್ತದೆ. ಹಿಂದೆ ಒಂದಿಷ್ಟು ತೂಕ ಕಟ್ಟಿಕೊಳ್ಳಿ. ಮ್ಯಾಟ್ ಬೆಳಕಿನ ದಾರಿಗೆ ಬಾಗದಂತೆ ಒಳಗೊಂದು ಬಳೆ ಕೊಡಿ. ಕೊಳವೆಯೇ ಇಲ್ಲದ, ಬರೀ ಸರಳುಗಳ ಟೆಲಿಸ್ಕೋಪಿನವರಿಗಂತೂ ಇದು ಬೇಕೇ ಬೇಕು.

ಮುಖ್ಯ ಕನ್ನಡಿಯ ಹಿಂದೆ 12 ವೋಲ್ಟಿನ ಕಂಪ್ಯೂಟರ್ ಫ್ಯಾನ್ ಇದ್ದರೆ ಅದರ ದಿಕ್ಕು ಉಲ್ಟಾ ಮಾಡಿ ನೋಡಿ. ಸಾಮಾನ್ಯವಾಗಿ ಅದನ್ನು ಕನ್ನಡಿಯ ಬೆನ್ನಿಗೆ ಬೀಸುವಂತೆ ಕೂರಿಸಿರುತ್ತಾರೆ. ಗಾಳಿಯನ್ನು ಹಿಂದಕ್ಕೆ ಎಳೆಯುವಂತೆ ಕೂರಿಸಿದರೆ ಹೊರಗಿನ ಗಾಳಿ ಬಾಯಿಂದ ಒಳಬಂದು ಪಟ್ಟಿಗಳನ್ನು ಸವರಿಕೊಂಡು ಹೋಗುತ್ತದೆ. ವೇಗ ಕಡಿಮೆ ಇರಲಿ, ಇಲ್ಲದಿದ್ದರೆ ಟೆಲಿಸ್ಕೋಪ್ ನಡುಗುತ್ತದೆ.

ಹೀಟರ್ ಹಾಕಿದವರಿಗೆ

ಚಿಕ್ಕ ಕನ್ನಡಿಗೆ ಇಬ್ಬನಿ ಕೂರದಂತೆ ಅದರ ಬೆನ್ನಿಗೆ ರೆಸಿಸ್ಟರ್ ಅಂಟಿಸಿ ಬಿಸಿ ಮಾಡುವುದು ನಮ್ಮಲ್ಲಿ ಅನಿವಾರ್ಯ. ಆದರೆ ಇದು ತಂಪಿನ ತೊಂದರೆಯನ್ನು ಬಿಸಿಯ ತೊಂದರೆಯಾಗಿ ಬದಲಾಯಿಸಿಬಿಡಬಹುದು. 50 ಮಿಲಿಮೀಟರಿನ ಕನ್ನಡಿಗೆ 330 ಓಮಿನ ಎರಡು ರೆಸಿಸ್ಟರ್ ಸಮಾಂತರವಾಗಿ, 12 ವೋಲ್ಟಿಗೆ. ಒಟ್ಟು 0.87 ವಾಟ್. ಅಷ್ಟು ಸಾಕು. ಒಂದೊಂದೂ ಒಂದು ವಾಟಿನ ರೆಸಿಸ್ಟರ್ ಆಗಿರಲಿ, ಕಾಲು ವಾಟಿನದು ಸುಟ್ಟುಹೋಗುತ್ತದೆ. ಬಿಸಿ ಹೆಚ್ಚಾದ ಗುರುತು ಫೋಕಸ್ ತಪ್ಪಿಸಿದ ತಟ್ಟೆಯ ನಡುವಿನ ನೆರಳಿನಿಂದಲೇ ಮೇಲಕ್ಕೆ ಹೊಗೆ ಏಳುವುದು. ಸ್ವಿಚ್ ಆರಿಸಿ ಐದು ನಿಮಿಷ ನೋಡಿ, ಹೊಗೆ ನಿಂತರೆ ವೋಲ್ಟೇಜ್ ಇಳಿಸಬೇಕು. ಒಂಬತ್ತು ವೋಲ್ಟಿಗೆ ಇಳಿಸಿದರೆ ಶಾಖ ಅರ್ಧದ ಹತ್ತಿರ ಬರುತ್ತದೆ. ತಂತಿಯನ್ನು ಪಟ್ಟಿಯ ನೆರಳಿನೊಳಗೇ ಒಯ್ಯಿರಿ, ದಪ್ಪ ತಂತಿ ಬೇಡ.

ಉಂಗುರ ತುಂಡಾಗಿಲ್ಲ, ನಕ್ಷತ್ರವೇ ಉದ್ದವಾಗಿದೆ ಎಂದಾದರೆ

ಇದು ಬೇರೆ ಕಾಯಿಲೆ, ಆದರೆ ಇದೇ ಭಾಗದ್ದು. ಫೋಕಸಿನ ಒಳಬದಿಯಲ್ಲಿ ನಕ್ಷತ್ರ ಒಂದು ದಿಕ್ಕಿಗೆ ಉದ್ದ, ಹೊರಬದಿಯಲ್ಲಿ ಅದಕ್ಕೆ ಅಡ್ಡವಾಗಿ ಉದ್ದ. ಸಂಜೆ ಇಲ್ಲ, ತಂಪಾದ ಮೇಲೆ ಬರುತ್ತದೆ. ಹೀಗಾದರೆ ಚಿಕ್ಕ ಕನ್ನಡಿಯನ್ನು ಹೋಲ್ಡರಿಗೆ ಅಂಟಿಸಿದ ರೀತಿ ನೋಡಿ. ಬೆನ್ನಿಗೆಲ್ಲ ಎರಡು ಭಾಗ ಕಲಸುವ ಗಟ್ಟಿ ಅಂಟು ಮೆತ್ತಿದ್ದರೆ ಕಾರಣ ಅದೇ. ಒಂದು ಡಿಗ್ರಿ ಇಳಿದಾಗ ಅಲ್ಯೂಮಿನಿಯಂ ಕುಗ್ಗುವುದು ಹತ್ತು ಲಕ್ಷದಲ್ಲಿ 23 ಪಾಲು. ಸಾದಾ ಗಾಜು 9, ಪೈರೆಕ್ಸ್ 3 ಚಿಲ್ಲರೆ. ಹೋಲ್ಡರ್ ಕುಗ್ಗುತ್ತಾ ಗಾಜನ್ನು ಬಗ್ಗಿಸುತ್ತದೆ. ಗಟ್ಟಿ ಅಂಟನ್ನು ಬಿಡಿಸಿ, ಸಿಲಿಕೋನಿನ ಮೂರು ಬೊಟ್ಟು ಇಟ್ಟು ಕೂರಿಸಿ. ಬೊಟ್ಟು ಒಂದೆರಡು ಮಿಲಿಮೀಟರ್ ದಪ್ಪ ಉಳಿಯಬೇಕು, ಒಣಗುವ ತನಕ ನಡುವೆ ಬೆಂಕಿಕಡ್ಡಿ ಇಟ್ಟರೆ ಆಯಿತು. ಇದನ್ನು ಮಾಡುವ ಮೊದಲು ನಿಮ್ಮ ತಲೆಯನ್ನು ಓರೆ ಮಾಡಿ ನೋಡಿ. ಉದ್ದ ಆದದ್ದು ತಲೆಯ ಜೊತೆ ತಿರುಗಿದರೆ ದೋಷ ಕಣ್ಣಿನದ್ದು, ಕನ್ನಡಕ ಹಾಕಿಕೊಳ್ಳಿ.

ಕಾಲಿಮೇಷನ್ ಪ್ರತಿ ರಾತ್ರಿ ತಾನಾಗಿ ತಪ್ಪುತ್ತಿದ್ದರೆ ಪಟ್ಟಿಗಳ ಬಿಗಿ ನೋಡಿ. ಪಿವಿಸಿ ಸ್ಟೀಲಿಗಿಂತ ಐದಾರು ಪಟ್ಟು ಹೆಚ್ಚು ಕುಗ್ಗುತ್ತದೆ. 240 ಮಿಲಿಮೀಟರ್ ವ್ಯಾಸದ ಪೈಪು ಸಂಜೆಯಿಂದ ಬೆಳಗಿನ ಜಾವಕ್ಕೆ ಹತ್ತು ಡಿಗ್ರಿ ಇಳಿದರೆ ಸ್ಪೈಡರಿಗಿಂತ ಹತ್ತಿರ ಹತ್ತಿರ 0.14 ಮಿಲಿಮೀಟರ್ ಜಾಸ್ತಿ ಕುಗ್ಗಿರುತ್ತದೆ. ಸಂಜೆ ಎಳೆದು ಬಿಗಿದ ಪಟ್ಟಿ ಆಗ ಸಡಿಲ. ಬೆರಳಿನಿಂದ ಮೀಟಿದರೆ ಟಣ್ ಅನ್ನುವ ಬದಲು ಡಬ್ ಅನ್ನುತ್ತದೆ. ಪಟ್ಟಿಯ ತುದಿಯ ಬೋಲ್ಟುಗಳಿಗೆ ಸ್ಪ್ರಿಂಗ್ ವಾಷರ್ ಹಾಕಿದರೆ ಈ ಆಚೀಚೆಯನ್ನು ಅದು ನುಂಗಿಕೊಳ್ಳುತ್ತದೆ. ಸ್ಟೇನ್‌ಲೆಸ್ ವಾಷರನ್ನೇ ತನ್ನಿ. ಸಾದಾ ಕಬ್ಬಿಣದ್ದು ಜೂನ್‌ನಿಂದ ಸೆಪ್ಟೆಂಬರ್ ತನಕ ಅಟ್ಟದಲ್ಲಿ ಕೂತು ತುಕ್ಕು ಹಿಡಿದು, ನವೆಂಬರಿನಲ್ಲಿ ಬಿಚ್ಚಲು ಹೋದರೆ ಬೋಲ್ಟಿನ ಸಮೇತ ಮುರಿದು ಕೈಗೆ ಬರುತ್ತದೆ.